ಅಪ್ಪ ತಟ್ಟಿ ನೋಡಿದ ಗೋಡೆ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಲೈನಿನಲ್ಲಿದ್ದ ನಮ್ಮ ಮನೆಯಲ್ಲಿ ಅಪ್ಪ ತಟ್ಟಿ ನೋಡದ ವಸ್ತುವೇ ಇರಲಿಲ್ಲ. ರಾಗಿ ಡಬ್ಬ, ನೀರಿನ ಮಡಕೆ, ಕೊನೆಗೆ ಜ್ವರ ಬಂದು ಮಲಗಿದ ನನ್ನ ಎದೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆಮಾಡಿ ಕೇಳುತ್ತಿದ್ದರು. ಅವರು ದುಡಿಯುತ್ತಿದ್ದ ಗಣಿಯ ಕತ್ತಲಲ್ಲಿ ಕಣ್ಣನ್ನು ನೆಚ್ಚುವಂತಿರಲಿಲ್ಲ. ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಬೇಕಿತ್ತು. ಗಟ್ಟಿ ಬಂಡೆ ಠಣ್ಣೆನ್ನುತ್ತಿತ್ತು, ಬಿರುಕು ಬಿಟ್ಟದ್ದು ಡಬ್ಬೆನ್ನುತ್ತಿತ್ತು. ಒಂದು ದಿನ ಮೇಸ್ತ್ರಿ ಏನಿಲ್ಲ ಹೋಗು ಎಂದು ಅವಸರಪಡಿಸಿದ್ದಕ್ಕೆ ಚಿಕ್ಕಪ್ಪ ತಟ್ಟದೆ ಒಳಗೆ ಹೋದರು. ಅವರ ಹೆಣವನ್ನು ಅಪ್ಪನೇ ಹೊತ್ತು ತಂದರು.

ಏಳನೆಯ ತರಗತಿ ಪಾಸಾದಾಗ ನನಗೆ ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ನಮ್ಮ ಲೈನಿನಲ್ಲಿ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಸೇರುವ ಕಡೆಯ ದಿನ ಅಕ್ಕ ಚೊಂಬಿನಲ್ಲಿ ಕೆಂಡ ತುಂಬಿ ನನ್ನ ಅಂಗಿಗೆ ಇಸ್ತ್ರಿ ಮಾಡಿದಳು. "ನೀನಾದ್ರೂ ನೆಲದ ಮೇಲೇ ಕೆಲ್ಸ ಮಾಡು ಕಣ್ಲಾ," ಅಂದಳು. ರೈಲಿನಲ್ಲಿ ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಸ್ನಾನ ಮಾಡಿದ್ದರೂ ಅವರ ಮೈಯಿಂದ ಗಣಿಯ ಮಣ್ಣಿನ ವಾಸನೆ ಬರುತ್ತಿತ್ತು.

ಶಾಲೆಯಲ್ಲಿ ಹೆಡ್‌ಮಾಸ್ಟರು ಪ್ರೀತಿಯಿಂದಲೇ ತರಗತಿ ತೋರಿಸಿದರು. ಹೊಸ ಸುಣ್ಣದ ವಾಸನೆ, ಕಿಟಕಿ ತುಂಬ ಬೆಳಕು. ನಾನು ಮುಂದಿನ ಬೆಂಚಿನಲ್ಲಿ ಕೂತೇಬಿಟ್ಟೆ. ಅಪ್ಪ ನನ್ನ ಪಕ್ಕದ ಗೋಡೆಗೆ ಗೆಣ್ಣು ತಾಗಿಸಿದರು. ಡಬ್ಬೆಂದಿತು. ಇನ್ನೊಮ್ಮೆ ತಟ್ಟಿದರು. ಮತ್ತೆ ಅದೇ ಸದ್ದು.

"ಸಾರ್, ಈ ಗೋಡೆ ಟೊಳ್ಳೈತೆ. ಇದ್ರ ಪಕ್ಕ ನನ್ ಮಗನ್ನ ಕೂರ್ಸಲ್ಲ."

ದೊಡ್ಡ ಕೋಣೆಯನ್ನು ಎರಡು ಮಾಡಲು ಹಲಗೆ ಹೊಡೆದು ಸುಣ್ಣ ಬಳಿದಿದ್ದೇವೆ, ಟೊಳ್ಳಾಗಿಯೇ ಇರುತ್ತದೆ ಎಂದು ಹೆಡ್‌ಮಾಸ್ಟರು ಬಿಡಿಸಿ ಹೇಳಿದರು. ಹುಡುಗರು ಕಿಸಕ್ಕನೆ ನಕ್ಕರು. ಬರಿ ಹಲಗೆಯಂತೆ, ಅಪ್ಪಾ, ಎಂದು ನಾನೂ ಅಂಗಲಾಚಿದೆ.

"ಆವತ್ತು ಮೇಸ್ತ್ರೀನೂ ಏನಿಲ್ಲ ಅಂತ್ಲೇ ಏಳಿದ್ದು," ಎಂದು ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಆ ಮಾತೇ ಏಳಲಿಲ್ಲ. ಹದಿನೆಂಟು ತುಂಬಿದಾಗ ನಾನೂ ಗಣಿಗೆ ಇಳಿದೆ. ಸಲಾಕೆಯನ್ನು ನನ್ನ ಕೈಗೆ ಕೊಟ್ಟವರು ಅಪ್ಪನೇ. ಅದರಿಂದ ಎಷ್ಟೋ ಸಲ ನನ್ನ ಜೀವ ಉಳಿಯಿತು, ನಿಜ. ಆದರೂ ಅವರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ. ಗಣಿ ಮುಚ್ಚಿತು, ಅಪ್ಪ ಹೋದರು, ಆ ಹಲಗೆ ಗೋಡೆ ಮಾತ್ರ ಇನ್ನೂ ನಿಂತಿದೆ. ಮೊನ್ನೆ ಹೋಗಿ ನೋಡಿ ಬಂದೆ.

ನಿಮ್ಮ ಶಾಲೆಯಲ್ಲೂ ತರಗತಿಗಳ ನಡುವೆ ಹಲಗೆ ಗೋಡೆಯೇ ಇದೆ. ನಿಮಗೆ ಅದರ ಮೇಲಿನ ಚಿಟ್ಟೆಗಳ ಚಿತ್ರ ಕಾಣುತ್ತದೆ. ಮೊದಲ ದಿನ ನೀವು ಒಳಗಿನಿಂದ ಟಾಟಾ ಮಾಡಿದಿರಿ, ತಾತ ಕೈ ಎತ್ತಲಿಲ್ಲವೆಂದು ಸಂಜೆಯವರೆಗೂ ಮುನಿಸಿಕೊಂಡಿರಿ. ನನ್ನ ಕೈಗಳೆರಡೂ ಜೇಬಿನಲ್ಲಿದ್ದವು, ಮುಷ್ಟಿ ಬಿಗಿದಿದ್ದೆ. ಹೊರಗೆ ತೆಗೆದಿದ್ದರೆ ನಿಮ್ಮ ಪಕ್ಕದ ಗೋಡೆಯನ್ನು ತಟ್ಟಿಬಿಡುತ್ತಿದ್ದೆ. ಡಬ್ಬೆಂದಿದ್ದರೆ ನಿಮ್ಮನ್ನೂ ಎಬ್ಬಿಸಿಕೊಂಡು ಬಂದುಬಿಡುತ್ತಿದ್ದೆ.