ಕಾರ್ ಪಾರ್ಕಿನ ಮೇಲೆ ಬೆಳೆದ ತಂಡ

ಕಳೆದ ವಾರ ನಮ್ಮ ಬ್ಲಾಕಿನ ಲಿಫ್ಟಿಗೆ ಒಬ್ಬ ಹುಡುಗ ತನಗಿಂತ ದೊಡ್ಡ ಚೀಲವೊಂದನ್ನು ಎಳೆದುಕೊಂಡು ಬಂದ. ಚೀಲದ ಜಿಪ್ ಅರ್ಧ ತೆರೆದಿತ್ತು. ಒದ್ದೆ ಕೈಗವಸಿನ ಹುಳಿ ವಾಸನೆ ಲಿಫ್ಟನ್ನೆಲ್ಲ ತುಂಬಿತು. ಪಕ್ಕದಲ್ಲಿದ್ದ ಹೆಂಗಸು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ನನ್ನ ಮಹಡಿ ಬಂದರೂ ಇಳಿಯದೆ ನಿಂತುಬಿಟ್ಟೆ... ಐಸ್ ಹಾಕಿಯ ಕೈಗವಸಿಗೆ ಹತ್ತಿದ ಆ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಒಂದು ಕಾಲಕ್ಕೆ ನಮ್ಮ ಬಾಗಿಲಲ್ಲೂ ಎದುರುಮನೆಯ ಅಂಕಲ್ ಬಾಗಿಲಲ್ಲೂ ಅದೇ ವಾಸನೆ ಇರುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ಸಿಂಗಾಪುರದ ಸೆಂಗ್‌ಕಾಂಗ್‌ನಲ್ಲಿ ಇನ್ನೂ ಬಣ್ಣದ ವಾಸನೆ ಆರದ ಫ್ಲ್ಯಾಟುಗಳು. ನಾವು ಉಡುಪಿಯ ಕಡೆಯವರು, ಅಂಕಲ್ ಗದಗದವರು. ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಹಣೆಗೆ ವಿಭೂತಿ ಇಲ್ಲದೆ ಮನೆಯಿಂದ ಹೊರಬಿದ್ದವರಲ್ಲ. ಅವರ ಮಗ ಸಿಂಗಾಪುರದ ಜೂನಿಯರ್ ಐಸ್ ಹಾಕಿ ತಂಡದ ಮೊದಲ ಹುಡುಗರಲ್ಲಿ ಒಬ್ಬ. ಹದಿನೆಂಟಾದ ಮೇಲೆ ಇಲ್ಲಿ ಗಂಡುಮಕ್ಕಳೆಲ್ಲ ಸೈನ್ಯದ ಸೇವೆಗೆ ಹೋಗಬೇಕು. ಮಗ ಹೋದ, ಅಪ್ಪ ತಂಡದ ಮ್ಯಾನೇಜರಾಗಿ ಅಲ್ಲೇ ಉಳಿದರು. ಅವರಿಗೆ ಸ್ಕೇಟ್ ಕಟ್ಟಿಕೊಂಡು ನಿಲ್ಲಲೂ ಬರುತ್ತಿರಲಿಲ್ಲ. ಚಳಿಗೆ ತಾಯಿ ಹೊಲಿದ ಕೌದಿ ಹೊದ್ದುಕೊಂಡು ರಿಂಕ್ ಎನ್ನುವ ಐಸ್ ಅಂಗಳದ ಪಕ್ಕ ಕೂರುತ್ತಿದ್ದರು, ಜಾತ್ರೆಗೆ ಬಂದ ಅಜ್ಜನ ಹಾಗೆ.

ನನ್ನ ಮಗನನ್ನು, ಪಕ್ ಎನ್ನುವ ರಬ್ಬರ್ ಬಿಲ್ಲೆ ತಡೆಯುವ ಗೋಲ್‌ಕೀಪರ್ ಮಾಡಿದವರು ಅವರೇ.

"ನಿಮ್ಮ ಹುಡುಗನ್ನ ನನಗ ಕೊಡ್ರಿ ಅಕ್ಕಾರ. ಉಳಿದವರೆಲ್ಲ ಪಕ್ ಬಂದ್ರ ಕಣ್ಣು ಮುಚ್ಚತಾರ. ಇವ ಹೆದರಂಗಿಲ್ಲ."

"ಅವನು ಹೆದರಲ್ಲ ಅಂತಲೇ ಅಲ್ವಾ ನನಗೆ ಹೆದರಿಕೆ," ಎಂದಿದ್ದೆ. ಅವರು ನಕ್ಕುಬಿಟ್ಟರು. ಕೊಟ್ಟಂತೆಯೇ ಲೆಕ್ಕ.

ಆಗ ನಮ್ಮ ಹುಡುಗರಿಗೆ ಇದ್ದದ್ದು ಮಾಲ್ ಒಂದರೊಳಗಿನ ಪುಟ್ಟ ರಿಂಕ್. ಬೇರೆ ದೇಶದವರು ಆಡುವ ಅಂಗಳ ಅದಕ್ಕಿಂತ ಬಹಳ ದೊಡ್ಡದು. ಹೊರಗೆ ಹೋದಾಗಲೆಲ್ಲ ನಮ್ಮವರಿಗೆ ಅರ್ಧ ಅಂಗಳದಲ್ಲೇ ಉಸಿರು ಕಟ್ಟುತ್ತಿತ್ತು, ಕೊಟ್ಟ ಪಾಸ್ ನಡುವೆಯೇ ನಿಲ್ಲುತ್ತಿತ್ತು. ಆ ವರ್ಷ ಹಾಕಿ ಸಂಘದ ಮೇಲಿನವರು ನೇರವಾಗಿಯೇ ಹೇಳಿದ್ದರು: ಈ ಸಲ ಹೊರದೇಶದ ಟೂರ್ನಿಯಲ್ಲಿ ಒಂದು ಪಂದ್ಯವನ್ನಾದರೂ ಗೆಲ್ಲದಿದ್ದರೆ ಮುಂದಿನ ವರ್ಷ ಜೂನಿಯರ್ ತಂಡ ಕಳಿಸುವುದಿಲ್ಲ.

ಅಂಕಲ್ ಟೇಪು ಹಿಡಿದು ನಮ್ಮ ಬಹುಮಹಡಿ ಕಾರ್ ಪಾರ್ಕಿನ ತುದಿಗೆ ಹತ್ತಿದರು. ಹೊಸ ಬಡಾವಣೆ, ಕಾರುಗಳು ಕಡಿಮೆ, ಮೇಲಿನ ಮಹಡಿ ಖಾಲಿ. ಅಲ್ಲಿ ಸುಣ್ಣದ ಕಡ್ಡಿಯಿಂದ ದೊಡ್ಡ ರಿಂಕನ್ನೇ ಬರೆದರು. ಹುಡುಗರು ಗಾಲಿಯ ಸ್ಕೇಟ್ ಕಟ್ಟಿಕೊಂಡು, ಪಕ್ ಬದಲು ಚೆಂಡು ಇಟ್ಟುಕೊಂಡು, ಬೆಳಗಿನ ಬಿಸಿಲಲ್ಲಿ ಓಡಾಡಿದರು. ಕಾರು ನಿಲ್ಲಿಸಲು ಬಂದ ಚೀನೀ ತಾತ ಒಬ್ಬರು ಕಿಟಕಿ ಇಳಿಸಿ ಕೇಳಿದರು:

"ಐಸ್ ಹಾಕಿ? ವೇರ್ ಗಾಟ್ ಐಸ್?"

"ಐಸ್ ಕಮಿಂಗ್, ಅಂಕಲ್!" ಎಂದರು ನಮ್ಮ ಅಂಕಲ್, ಐಸನ್ನು ಲಾರಿಯಲ್ಲಿ ತರಿಸಿದವರಂತೆ.

ಟೂರ್ನಿಗೆ ಹೊರಡುವ ಮುಂಚೆ ಮಾಲಿನ ರಿಂಕ್ ರಿಪೇರಿಗೆಂದು ಮುಚ್ಚಿತು. ಕೊನೆಯ ವಾರಗಳ ಅಭ್ಯಾಸವೆಲ್ಲ ಕಾಂಕ್ರೀಟಿನ ಮೇಲೆಯೇ ನಡೆಯಿತು. ಕೋಚ್‌ಗೆ ಕೆಲಸದಿಂದ ರಜೆ ಸಿಗಲಿಲ್ಲ. ಹಾಗಾಗಿ ತಂಡದ ಜೊತೆ ಹೊರಟದ್ದು ಅಂಕಲ್, ಇನ್ನೊಬ್ಬ ತಂದೆ, ಮತ್ತು ಮಕ್ಕಳ ಊಟ ನೋಡಿಕೊಳ್ಳಲು ನಾನು.

ಮೊದಲ ಪಂದ್ಯದಲ್ಲಿ ನಮ್ಮ ಹುಡುಗರು ಕೊನೆಯವರೆಗೂ ಓಡಿದರು, ಯಾರಿಗೂ ಉಸಿರು ಕಟ್ಟಲಿಲ್ಲ. ಆದರೂ ಹೀನಾಯವಾಗಿ ಸೋತೆವು. ಪಕ್ ನನ್ನ ಮಗನ ಕಾಲ ನಡುವೆ, ಕಾಲ ಪಕ್ಕ, ನೆಲಕ್ಕೆ ಅಂಟಿಕೊಂಡೇ ಒಳಗೆ ಹೋಗುತ್ತಿತ್ತು. ಅವನು ಕಂಬದ ಹಾಗೆ ನಿಂತೇ ಇದ್ದ. ಮುಗಿದ ಮೇಲೆ ಹೆಲ್ಮೆಟ್ ತೆಗೆಯಲಿಲ್ಲ. ಬಸ್ಸಿನಲ್ಲೂ ತೆಗೆಯಲಿಲ್ಲ.

ಹೋಟೆಲಿಗೆ ಬಂದ ಮೇಲೆ ಅಂಕಲ್ ಅವನನ್ನು ಕೂರಿಸಿಕೊಂಡು ಮೊಣಕಾಲು ನೋಡಿದರು. ಕಾರ್ ಪಾರ್ಕಿನಲ್ಲಿ ಪ್ಯಾಡ್ ಕಟ್ಟಿದ್ದರೂ ಬಿದ್ದು ಬಿದ್ದು ಜಜ್ಜಿದ ಗಾಯಗಳು ಇನ್ನೂ ಮಾಗಿರಲಿಲ್ಲ. ಆಗ ಅವರಿಗೆ ಹೊಳೆಯಿತು. ಐಸ್ ಮೇಲೆ ಗೋಲ್‌ಕೀಪರ್ ಮಂಡಿಯೂರಿ ಬಿದ್ದೇ ಪಕ್ ತಡೆಯಬೇಕು. ಕಾಂಕ್ರೀಟು ಅವನಿಗೆ ಬೀಳದೆ ನಿಲ್ಲುವುದನ್ನು ಕಲಿಸಿಬಿಟ್ಟಿತ್ತು.

ಎಲ್ಲ ಹುಡುಗರನ್ನೂ ಕರೆದು ಇಂಗ್ಲಿಷಿನಲ್ಲಿ ಹೇಳಿದರು, ಇವತ್ತಿನ ಸೋಲು ಇವನದ್ದಲ್ಲ, ಕಾರ್ ಪಾರ್ಕಿಗೆ ಹತ್ತಿಸಿದ ನನ್ನದು ಎಂದು. ಆಮೇಲೆ ಕೌದಿಯನ್ನು ಮಡಚಿ ನೆಲಕ್ಕೆ ಹಾಸಿದರು. ಕಾಲುಚೀಲಗಳನ್ನು ಉಂಡೆ ಮಾಡಿ ನೆಲದ ಮೇಲೆ ಉರುಳಿಸತೊಡಗಿದರು.

"ಬೀಳೋ ತಮ್ಮಾ!"

ಮಗ ಅನುಮಾನದಿಂದ ಒಂದು ಮಂಡಿ ಊರಿದ.

"ಅದೇನು, ಗುಡಿಗೆ ಬಂದೀಯೇನು? ಧಪ್ ಅಂತ ಬೀಳೋ!"

ಹುಡುಗರು ನಕ್ಕರು. ಮಗನೂ ನಕ್ಕ, ಹೆಲ್ಮೆಟ್ ಕಿತ್ತಿಟ್ಟು ಬಿದ್ದ. ಅವನ ಮುಖ ಬೆಳಗಿನಿಂದ ಮೊದಲ ಸಲ ನನಗೆ ಕಂಡಿತು. ಸಂಜೆಯ ಊಟಕ್ಕೆ ಕರೆದರೂ ಯಾರೂ ಬರಲಿಲ್ಲ, ಎಲ್ಲರೂ ಕಾಲುಚೀಲ ಉರುಳಿಸುವವರೇ.

ಮರುದಿನ ಕೊನೆಯ ಅವಕಾಶ. ನಾವು ಒಂದು ಗೋಲಿನಿಂದ ಮುಂದಿದ್ದೆವು. ಎದುರಾಳಿಗಳು ಮೇಲೆ ಮೇಲೆ ಬರುತ್ತಿದ್ದರು. ನಮ್ಮ ಬೆಂಚಿನ ಮೇಲಿದ್ದ ಚೀನೀ, ಮಲಯ ಹುಡುಗರೆಲ್ಲ ಸಿಂಗಾಪುರದ ಮಾತಿನ 'ಲಾ' ಸೇರಿಸಿ ಒಂದೇ ಕೂಗು: "ಬೀಳೋ! ಬೀಳೋ ಲಾ!" ಎದುರಾಳಿಗಳ ಕೋಚ್ ಇದು ಯಾವ ಭಾಷೆಯೆಂದು ತಿರುಗಿ ತಿರುಗಿ ನೋಡುತ್ತಿದ್ದರು. ಮಗ ಬಿದ್ದ, ಎದ್ದ, ಮತ್ತೆ ಬಿದ್ದ. ಕೊನೆಯ ಹೊಡೆತ ಅವನ ಮೊಣಕಾಲಿನ ಪ್ಯಾಡಿಗೆ ಬಡಿದ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಗಂಟೆಯಾದದ್ದೇ ಅಂಕಲ್ ಚಪ್ಪಲಿಯಲ್ಲೇ ಐಸ್ ಮೇಲೆ ಓಡಿದರು. ಅಂಗಾತ ಬಿದ್ದರು. ಬಿದ್ದಲ್ಲೇ ಎರಡೂ ಕೈ ಎತ್ತಿದರು.

ಮುಂದಿನ ವರ್ಷ ತಂಡ ಹೋಯಿತು. ಅದರ ಮುಂದಿನ ವರ್ಷವೂ ಹೋಯಿತು. ನನ್ನ ಮಗನಿಗೂ ಹದಿನೆಂಟಾಯಿತು, ಅವನ ಜಾಗಕ್ಕೆ ಇನ್ನೊಬ್ಬ ಬಂದ. ಅಂಕಲ್ ನಿವೃತ್ತರಾಗಿ ಊರು ಸೇರುವವರೆಗೂ ಆ ತಂಡವನ್ನು ಬಿಡಲಿಲ್ಲ. ಅವರ ಬಾಗಿಲಿಗೆ ಬೇರೆಯವರು ಬಂದರು... ಒಳ್ಳೆಯವರೇ.

ಎರಡು ತಿಂಗಳ ಹಿಂದೆ ಗದಗದಿಂದ ಫೋನ್ ಬಂತು, ಅಂಕಲ್ ಹೋದರು ಎಂದು. ನನ್ನ ಮಗ ಆಫೀಸಿನಿಂದಲೇ ಏರ್‌ಪೋರ್ಟಿಗೆ ಹೋದ. ನಮ್ಮ ಕಡೆ ಸುಡುತ್ತಾರೆ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಣಿಯೊಳಗೆ ಇಳಿಸುವಾಗ ತಾನೂ ಕೈ ಜೋಡಿಸಿದೆ ಎಂದು ಮಗ ಹೇಳಿದ. "ಎಷ್ಟು ಹಗುರ ಆಗ್ಬಿಟ್ಟಿದ್ರು ಅಮ್ಮಾ," ಎಂದ.

ಹತ್ತಿರದವರು ಹೋದರೆ ಹತ್ತು ದಿನ ಸೂತಕ, ಹನ್ನೊಂದಕ್ಕೆ ಮಿಂದು ಒಗೆದು ಬಟ್ಟೆ ಒಣಗಿಸಿದರೆ ಮುಗಿಯಿತು ಎಂದು ಹಿರಿಯರು ಒಂದು ಲೆಕ್ಕ ಮಾಡಿಟ್ಟಿದ್ದಾರೆ. ಎದುರುಮನೆಯವರು ಹೋದರೆ ಅಂಥ ಲೆಕ್ಕವೇನೂ ಇಲ್ಲ. ಯಾವ ದಿನ ಮುಗಿಯಿತು ಎನ್ನಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ.