ಗಡ್ಡದಕ್ಕನ ಮೂರು ವರ್ಷ

ವಿಡಿಯೋ ಗೇಮ್ ಮಾಡುವ ಆಫೀಸಿನಲ್ಲಿ ಅವಳನ್ನು ಎಲ್ಲರೂ ಗಡ್ಡದಕ್ಕ ಎಂದೇ ಕರೆಯುತ್ತಿದ್ದರು. ಹೊಸ ಆಟದ ಕಥಾನಾಯಕನ ಗಡ್ಡವನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಕೂದಲಾಗಿ ಕೂರಿಸುವುದರಲ್ಲಿ ಅವಳ ಮೂರು ವರ್ಷ ಸವೆದಿತ್ತು. ಟಾರ್ಚ್ ಹಿಡಿದು ಗಂಡನ ಗಡ್ಡ ಕೆದಕಿ ನೋಡುವ ಅವಳ ಕಾಟ ತಾಳಲಾರದೆ ಆ ಪುಣ್ಯಾತ್ಮ ಬೋಳಿಸಿಕೊಂಡೇ ಬಿಟ್ಟಿದ್ದ. ಕಥೆ ಬರೆಯುವವನಿಗೆ ಮಾತ್ರ ಒಂದೇ ವಾರ ಕೊಟ್ಟಿದ್ದರು. ಕಥೆ ಏನು ಮಹಾ, ಯಾರು ಬೇಕಾದರೂ ಕಟ್ಟುತ್ತಾರೆ ಎಂಬುದು ಆ ಆಫೀಸಿನ ಧಿಮಾಕು.

ಮನೆಯಲ್ಲಿ ಅತ್ತೆಯದು ಬೇರೆಯೇ ಹುಚ್ಚು. ಹಳೇ ವಿಡಿಯೋ ಗೇಮ್ ಒಂದರಲ್ಲಿ, ನಾಲ್ಕು ಚೌಕ ಜೋಡಿಸಿದಂತಿದ್ದ ನಾಯಿ ಸತ್ತಾಗ ಅವರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. "ಅದು ನಾಯೀನಾ, ಇಟ್ಟಿಗೇನಾ?" ಎಂದು ಸೊಸೆ ನಕ್ಕಿದ್ದಕ್ಕೆ ಮುಖ ಊದಿಸಿಕೊಂಡಿದ್ದರು.

ಹೊಸ ಆಟ ಸಿದ್ಧವಾದ ದಿನ ಗಡ್ಡದಕ್ಕ ಅದನ್ನು ಅತ್ತೆಗೇ ಮೊದಲು ತೋರಿಸಿದಳು. ನಾಯಕ ತಾಯಿಯ ಹೆಣ ತಬ್ಬಿಕೊಂಡು ಬಿಕ್ಕುತ್ತಿದ್ದ. ಕಣ್ಣೀರು ಗಡ್ಡದ ಕೂದಲು ಕೂದಲಿಗೂ ಇಳಿಯುತ್ತಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು, ಬಾಯಿ ಬಿಟ್ಟುಕೊಂಡು ನೋಡಿದರು.

"ಅಬ್ಬಬ್ಬಾ, ಏನು ಗಡ್ಡ ಕಣೇ! ದೃಷ್ಟಿ ಆದೀತು!"

"ಅಲ್ಲ ಅತ್ತೆ, ಅವನ ಅಮ್ಮ ಸತ್ತುಹೋದ್ರಲ್ಲ?"

"ಹೌದಾ? ಯಾವಾಗ?"