ಸಂಶಯದ ಕಾಲಂ ಕಾಯ್ದ ಶರಣಬಸಮ್ಮನವರು

ಆಕಾಶಕಾಯಗಳ ಪಟ್ಟಿ ಮಾಡುವುದು ಖಗೋಳಶಾಸ್ತ್ರದ ಅಡಿಪಾಯದ ಕೆಲಸ. ಅಡಿಪಾಯವಾದ್ದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಚುಕ್ಕೆ ಎಲ್ಲಿದೆ, ಎಷ್ಟು ಬೆಳಗುತ್ತದೆ, ಯಾವ ದಿನ ಕಂಡಿತು, ಅಳೆದವರು ಯಾರು ಎಂಬುದನ್ನು ಸಾಲುಸಾಲಾಗಿ ಬರೆದಿಟ್ಟು, ಆ ಬರಹವನ್ನು ಲೋಕಕ್ಕೆಲ್ಲ ಮುಕ್ತವಾಗಿ ಕೊಟ್ಟವರಲ್ಲಿ ಹೈದರಾಬಾದಿನ ಶ್ರೀಮತಿ ಶರಣಬಸಮ್ಮನವರದು ಎದ್ದು ಕಾಣಬೇಕಾಗಿದ್ದ ಹೆಸರು. ಮೂವತ್ತೇಳು ವರ್ಷಗಳ ಸೇವೆ ಮುಗಿಸಿ ಈ ಜೂನ್ ಮೂವತ್ತರಂದು ನಿವೃತ್ತರಾದ ಅವರಿಗೆ ಗೆಳೆಯರ ಬಳಗ ಈ ಸಂಪುಟವನ್ನು ಅರ್ಪಿಸುತ್ತಿದೆ. "ಸಂದರ್ಭ ಶುಭದ್ದು, ಕಹಿ ಮಾತು ಬೇಡ" ಎಂದು ಸಂಪಾದಕರು ಎಲ್ಲ ಲೇಖಕರಿಗೂ ಪತ್ರ ಬರೆದಿದ್ದಾರೆ. ಆ ಪತ್ರವನ್ನು ಗೌರವದಿಂದ ಓದಿ, ಮಡಚಿ, ಬದಿಗಿಡಲಾಗಿದೆ.

ಶರಣಬಸಮ್ಮನವರ ತಂದೆ ಸಿಂದಗಿಯವರು. ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದು ಮೆಹದಿಪಟ್ಟಣಂನಲ್ಲಿ ಮನೆ ಮಾಡಿದವರು. ಹೊಸ್ತಿಲಾಚೆ ತೆಲುಗು, ಹಿಂದಿ. ಹೊಸ್ತಿಲೊಳಗೆ ಸಿಂದಗಿಯ ಕನ್ನಡ. ಕೋಠಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮುಗಿಸಿದ ಮಗಳು 1988ರಲ್ಲಿ ನಗರದ ಖಗೋಳ ಸಂಸ್ಥೆಯೊಂದಕ್ಕೆ ಅಳತೆ ಸಹಾಯಕಿಯಾಗಿ ಸೇರಿದರು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದು ತನ್ನ ಹೆಸರನ್ನು ತಾನೇ ಬೇಕಾದಷ್ಟು ಗೋಡೆಗಳ ಮೇಲೆ ಬರೆದುಕೊಂಡಿದೆ.

ಆ ಸಂಸ್ಥೆಯ ಬೀರುಗಳಲ್ಲಿ ಹಿಂದಿನ ತಲೆಮಾರಿನವರು ದೂರದರ್ಶಕದಿಂದ ತೆಗೆದ ಆಕಾಶದ ಚಿತ್ರಗಳು ಗಾಜಿನ ಫಲಕಗಳ ಮೇಲಿದ್ದವು. ಫಲಕವನ್ನು ಕೆಳಗಿನಿಂದ ಬೆಳಕು ಬೀಳುವ ಮೇಜಿನ ಮೇಲಿಟ್ಟು, ಭೂತಗನ್ನಡಿಯಲ್ಲಿ ಒಂದೊಂದೇ ಚುಕ್ಕೆಯನ್ನು ಅಳೆಯಬೇಕು. ಈ ಕೆಲಸವನ್ನು ಅವರಿಗೆ ಕಲಿಸಿದವರು ಇಂಡಿ ಕಡೆಯ ಗುರುಬಾಯಿಯವರು. ಅಲ್ಲಿನ ಅತ್ಯಂತ ಹಿರಿಯ ಅಳತೆಗಾರ್ತಿ. ಅವರು ಬೆಳೆಸಿದ ಪದ್ಧತಿ ಹೀಗಿತ್ತು: ಒಬ್ಬರು ಫಲಕವನ್ನು ನೆಟ್ಟಗಿಟ್ಟು ಅಳೆಯಬೇಕು, ಇನ್ನೊಬ್ಬರು ಅದೇ ಫಲಕವನ್ನು ತಲೆಕೆಳಗಾಗಿ ತಿರುಗಿಸಿ, ಮೊದಲಿನವರ ಪುಸ್ತಕ ನೋಡದೆ ಅಳೆಯಬೇಕು. ಎರಡು ಅಳತೆ ಕೂಡಿ ಬಂದರೆ ಸರಿ. ಬಾರದಿದ್ದರೆ ಎರಡನ್ನೂ ಹಾಗೆಯೇ ಉಳಿಸಿ, ಕೊನೆಯ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅಳೆದವರ ಹೆಸರಿನ ಮೊದಲಕ್ಷರ ಬರೆಯಬೇಕು. ಆ ಕಾಲಂಗೆ ಕಚೇರಿಯಲ್ಲಿ ಸಂಶಯದ ಕಾಲಂ ಎಂದೇ ಹೆಸರು.

"ತಂಗಿ, ಗಾಜಿನ ಮ್ಯಾಲ ಕುಂತ ಧೂಳನೂ ಚುಕ್ಕಿಗತೆನ ಕಾಣ್ತೈತಿ. ಖರೇ ಚುಕ್ಕಿ ಹೌದೋ ಅಲ್ಲೋ ಗೊತ್ತಾಗಲಿಲ್ಲಂದ್ರ ಗೊತ್ತಾಗಲಿಲ್ಲ ಅಂತ ಬರಿ. ಅದರಾಗ ಶರಮ್ ಏನೈತಿ?" ಎಂದು ಗುರುಬಾಯಿ ಮೊದಲ ದಿನವೇ ಹೇಳಿದ್ದರು. ಇಪ್ಪತ್ತಮೂರರ ಹುಡುಗಿಗೆ ಆಗ ನಗು ಬಂದಿತ್ತಂತೆ. ಆಮೇಲೆ ಹದಿನಾರು ವರ್ಷ ಇಬ್ಬರೂ ಎದುರುಬದುರು ಕೂತು ಅಳೆದರು. ನಲವತ್ತೊಂದು ಸಾವಿರ ಚುಕ್ಕೆಗಳ ಪಟ್ಟಿಯಾಯಿತು, ಅದರಲ್ಲಿ ಮೂರು ಸಾವಿರದ ನೂರ ಹನ್ನೆರಡಕ್ಕೆ ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಗುರುಬಾಯಿ ನಿವೃತ್ತರಾದ ಮೇಲೆ ಅಷ್ಟನ್ನೂ ಗಣಕಯಂತ್ರಕ್ಕೆ ಏರಿಸಿದವರು ಶರಣಬಸಮ್ಮನವರೇ. ಪಟ್ಟಿಯನ್ನು ಅರ್ಜಿ ಹಾಕಿದವರಿಗೆ ಮಾತ್ರ ಕೊಡಬೇಕೆಂದು ಆಗಿನ ಸಮಿತಿ ಹಟ ಹಿಡಿದಾಗ, "ಚುಕ್ಕಿಗೂ ಪಹರೆ ಹಾಕ್ತೀರೇನ್ರಿ?" ಎಂದು ತುಂಬಿದ ಸಭೆಯಲ್ಲಿ ಕೇಳಿ, ಎರಡು ವರ್ಷ ಜಗಳವಾಡಿ ಅದನ್ನು ಎಲ್ಲರಿಗೂ ತೆರೆಸಿದರು. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು, ತಿದ್ದಬಹುದು, ಮರುಪ್ರಕಟಿಸಬಹುದು ಎಂಬ ಸಾಲು ಸಂಸ್ಥೆಯ ಜಾಲತಾಣದ ತಳದಲ್ಲಿ ಸೇರಿದ್ದು ಹಾಗೆ. ಕಂಪ್ಯೂಟರ್ ಇಲ್ಲದ ರಾಯಚೂರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಪಟ್ಟಿಯ ಒಂದು ಭಾಗವನ್ನು ಮುದ್ರಿಸಿ, ದಾರ ಹಾಕಿ ಹೊಲಿದು ಅಂಚೆಯಲ್ಲಿ ಕಳಿಸಿದ್ದುಂಟು. ಸಂಗಾರೆಡ್ಡಿಯ ಕಾಲೇಜಿನಲ್ಲಿ ಪಾಠ ಹೇಳುವ ವರ್ಷಾ ಎಂಬ ಅಧ್ಯಾಪಕಿಗೆ ಆ ಪಟ್ಟಿ ಓದುವ ಬಗೆಯನ್ನು ಒಂದು ವಾರ, ತಮ್ಮ ಊಟದ ಬಿಡುವಿನಲ್ಲಿ, ಫೋನಿನಲ್ಲೇ ಕಲಿಸಿದರು. ಆಗೆಲ್ಲ ಅವರ ಬುತ್ತಿ ಆರಿ ಹೋಗುತ್ತಿತ್ತು, ಬೇಸರಪಟ್ಟುಕೊಂಡಿದ್ದನ್ನು ಕಂಡವರಿಲ್ಲ.

ಇನ್ನು ಕಹಿ. ಮೂರು ವರ್ಷದ ಹಿಂದೆ ಡಾ. ಕೌಶಲ್ ಎಂಬುವರು ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮೈಸೂರಿನವರು, ನಯವಾದ ಮಾತಿನವರು. ಪಟ್ಟಿಯ ಹೊಸ ಆವೃತ್ತಿಯನ್ನು ಸಮಾರಂಭ ಮಾಡಿ ಬಿಡುಗಡೆಗೊಳಿಸುವ ಆಸೆ ಅವರಿಗೆ.

"ಹೊರಗಿನಿಂದ ದೊಡ್ಡವರು ಬರ್ತಿದಾರೆ ಮೇಡಂ. ಮೂರು ಸಾವಿರ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಕೊಂಡು ಹೇಗೆ ಬಿಡುಗಡೆ ಮಾಡೋದು? ನಮಗೇನೂ ಗೊತ್ತಿಲ್ಲ ಅಂತ ನಾವೇ ಡಂಗುರ ಹೊಡೆದ ಹಾಗಾಗುತ್ತೆ" ಎಂದರು.

"ಗೊತ್ತಿಲ್ಲಂತ ಹೇಳಿದ್ರ ಮರ್ಯಾದಿ ಹೋಗೂದಿಲ್ರಿ ಸರ್. ಗೊತ್ತೈತಿ ಅಂತ ಹೇಳಿ ಸಿಕ್ಕೊಂಡ್ರ ಹೋಗ್ತೈತಿ" ಎಂದರು ಶರಣಬಸಮ್ಮನವರು.

ಯಾರು ಕೇಳಬೇಕು? ಸಂಶಯದ ಕಾಲಂ ಹೋಯಿತು. ಅಳೆದವರ ಹೆಸರಿನ ಅಕ್ಷರಗಳು ಹೋದವು. ಕೂಡಿ ಬಾರದ ಎರಡೆರಡು ಅಳತೆಗಳನ್ನು ಸರಾಸರಿ ಮಾಡಿ ಒಂದಾಗಿಸಿದರು. ಒಬ್ಬರು ಚುಕ್ಕೆಯನ್ನೂ ಇನ್ನೊಬ್ಬರು ಪಕ್ಕದ ಧೂಳನ್ನೂ ಅಳೆದಿದ್ದರೆ, ಸರಾಸರಿ ಹೇಳುವ ಜಾಗದಲ್ಲಿ ಚುಕ್ಕೆಯೂ ಇಲ್ಲ, ಧೂಳೂ ಇಲ್ಲ. ಮನೆ ಮೆಹದಿಪಟ್ಟಣಂನಲ್ಲಿ ಎಂದು ಒಬ್ಬರು, ಹಿಮಾಯತ್‌ನಗರದಲ್ಲಿ ಎಂದು ಇನ್ನೊಬ್ಬರು ಹೇಳಿದರೆ, ಎರಡರ ನಡುವಿನ ಯಾವುದೋ ಕಟ್ಟಡಕ್ಕೆ ಕಾಗದ ಹಾಕಿ ಬಂದ ಹಾಗಾಯಿತು ಇದು. ಓದಿದವರು ಮಾಡಿದ ಕೆಲಸ! ಹಳೆಯ ಆವೃತ್ತಿ ಇನ್ನು ಚಾಲ್ತಿಯಲ್ಲಿಲ್ಲ ಎಂದು ಪ್ರಕಟಿಸಿ, ಸಂಸ್ಥೆಯ ಗಣಕದಿಂದಲೂ ಅದನ್ನು ಅಳಿಸಿಬಿಟ್ಟರು.

ಸಂಗಾರೆಡ್ಡಿಯ ವರ್ಷಾ ಆ ಪ್ರಕಟಣೆಯನ್ನು ನಂಬಿ ಹೊಸ ಆವೃತ್ತಿಯಿಂದಲೇ ಒಂಬತ್ತು ಚುಕ್ಕೆ ಆರಿಸಿಕೊಂಡರು. ದೊಡ್ಡ ದೂರದರ್ಶಕವೊಂದರಲ್ಲಿ ಆಕಾಶ ನೋಡಲು ಐದು ವರ್ಷ ಅರ್ಜಿ ಹಾಕಿ ಕಾದಿದ್ದ ಅವಕಾಶ ಆಗಷ್ಟೇ ಸಿಕ್ಕಿತ್ತು. ಒಂಬತ್ತರಲ್ಲಿ ನಾಲ್ಕು ಕಡೆ ಏನೂ ಇರಲಿಲ್ಲ, ಬರೀ ಕತ್ತಲೆ. ಏಕೆ ಹೀಗಾಯಿತೆಂದು ಅವರು ಸಂಸ್ಥೆಗೆ ವಿನಯದಿಂದ ಪತ್ರ ಬರೆದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಶರಣಬಸಮ್ಮನವರ ಮೇಜಿಗೆ ಮೆಮೊ ಬಂತು: "ದಿವಂಗತ ಗುರುಬಾಯಿಯವರ ದೃಷ್ಟಿ ಮಂಜಾಗಿದ್ದ ಅವಧಿಯ ಅಳತೆಗಳನ್ನು ಪರಿಶೀಲಿಸದೆ ಸೇರಿಸಿರುವುದರಿಂದ ಸಂಸ್ಥೆಯ ಗೌರವಕ್ಕೆ ಧಕ್ಕೆಯಾಗಿದೆ. ವಿವರಣೆ ನೀಡತಕ್ಕದ್ದು." ಗುರುಬಾಯಿ ತೀರಿಕೊಂಡು ಎಂಟು ವರ್ಷವಾಗಿತ್ತು. ಸತ್ತವರ ಕಣ್ಣಿನ ಮೇಲೆ ತಪ್ಪು ಹೊರಿಸಿದರೆ ಯಾರು ಬಂದು ವಾದಿಸುತ್ತಾರೆ ಎಂಬ ಲೆಕ್ಕಾಚಾರ. ಇಂಥ ಹೇಡಿತನಕ್ಕೆ ಅಭಿನಂದನ ಸಂಪುಟದಲ್ಲಿ ಬಳಸಬಹುದಾದ ಪದ ನಿಘಂಟಿನಲ್ಲಿಲ್ಲ.

ಶರಣಬಸಮ್ಮನವರು ಬೀರು ತೆಗೆದು ಹಳೆಯ ಅಳತೆ ಪುಸ್ತಕಗಳನ್ನು ಹುಡುಕಿದರು. ನಾಲ್ಕೂ ಜಾಗಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದರ ಪಕ್ಕದಲ್ಲಿ, ದುಂಡಗಿನ ಕೈಬರಹದಲ್ಲಿ, ಗು.ಬಾ. ಎಂದಿತ್ತು. ಮಂಜುಗಣ್ಣಿನವರೆಂದು ಮೆಮೊ ಹೇಳಿದ ಹೆಂಗಸು ನಾಲ್ಕನ್ನೂ ಸರಿಯಾಗಿಯೇ ಅನುಮಾನಿಸಿದ್ದರು. ಪುಸ್ತಕ ಹಿಡಿದು ನಿರ್ದೇಶಕರ ಕೋಣೆಗೆ ಹೋದರೆ ಸಿಕ್ಕ ಉತ್ತರ ಇದು: "ಹಳೇ ನೋಟ್‌ಬುಕ್ ಯಾರು ನೋಡ್ತಾರೆ ಮೇಡಂ? ಹೋಗೋ ಹೊತ್ತಲ್ಲಿ ಯಾಕೆ ತಲೆ ಕೆಡಿಸ್ಕೋತೀರಾ? ಒಂದು ಸಾಲು ವಿವರಣೆ ಬರ್ಕೊಡಿ, ಫೈಲ್ ಮುಚ್ಚೋಣ."

"ಏನಂತ ಬರೀಲಿ? ಗುರುಬಾಯಕ್ಕಗ ಕಣ್ಣ ಕಾಣ್ತಿರಲಿಲ್ಲ ಅಂತ ಬರೀಲೇನ್ರಿ?"

ಕೌಶಲ್ ಫೋನು ಕೈಗೆತ್ತಿಕೊಂಡರು. ಅಲ್ಲಿಗೆ ಭೇಟಿ ಮುಗಿಯಿತು.

ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಶರಣಬಸಮ್ಮನವರಿಗೆ ಮೈಯೆಲ್ಲ ಉರಿಯುತ್ತಿತ್ತು. ತಮ್ಮ ಮೇಲಿನ ಆರೋಪವನ್ನು ಅವರು ನುಂಗಿಕೊಳ್ಳಬಲ್ಲವರಾಗಿದ್ದರು. ಅಕ್ಕನ ಮೇಲಿನದನ್ನು ನುಂಗಲು ಆಗಲಿಲ್ಲ. ಆ ಕಾಲಂ ಜಗತ್ತಿಗೆ ಮತ್ತೆ ಕಾಣಬೇಕು, ಮೆಮೊ ಹಿಂದಕ್ಕೆ ಹೋಗಬೇಕು. ಇವೆರಡು ಬಿಟ್ಟರೆ ಬೇರೇನೂ ಬೇಡವೆಂದು ನಿಶ್ಚಯಿಸಿ ವರ್ಷಾ ಅವರಿಗೆ ಫೋನು ಮಾಡಿದರು.

"ಹಳೇ ಪಟ್ಟಿ ಇಟ್ಕೊಂಡೀಯೇನವ್ವಾ, ಅಳಿಸಿಬಿಟ್ಟೀಯೋ?"

"ಐತ್ರಿ ಅಮ್ಮಾ, ಅಳಿಸಿಲ್ರಿ. ನೀವು ಕಲಿಸಿದ್ದಲ್ರಿ, ಹೆಂಗ ಅಳಿಸ್ಲಿ?"

ಸಂಸ್ಥೆ ನಾಶ ಮಾಡಿದ್ದು ಸಂಗಾರೆಡ್ಡಿಯ ಅಧ್ಯಾಪಕಿಯ ಮನೆಯಲ್ಲಿ ಬದುಕಿತ್ತು. ಮುಕ್ತವಾಗಿ ಕೊಟ್ಟಿದ್ದಕ್ಕೇ ಬದುಕಿತ್ತು. ಪಹರೆ ಹಾಕಿದ್ದರೆ ಅಂದೇ ಸತ್ತಿರುತ್ತಿತ್ತು. ಮೂರು ತಿಂಗಳು ಕೂತು ಶರಣಬಸಮ್ಮನವರು ಮೂರು ಸಾವಿರದ ನೂರ ಹನ್ನೆರಡು ಸಾಲುಗಳನ್ನೂ ಪುಸ್ತಕಗಳೊಡನೆ ಒಂದೊಂದಾಗಿ ತಾಳೆ ನೋಡಿದರು. ಪ್ರಕಟಿಸಲು ನಿರ್ದೇಶಕರು ಒಪ್ಪಲಿಲ್ಲ. ನೌಕರರು ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸಕೂಡದೆಂದು ನಿಯಮ ಬೇರೆ ಇತ್ತು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. "ಒಂದೂ ತಪ್ಪಿಲ್ಲದ ಪಟ್ಟಿ ಕೊಟ್ಟ ತಾಯಿ" ಎಂದು ಕೌಶಲ್ ಕಣ್ಣು ತುಂಬಿಕೊಂಡು ಭಾಷಣ ಮಾಡಿದರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದನ್ನು ಇಷ್ಟು ಚೆನ್ನಾಗಿ ಮಾಡುವವರು ಅಪರೂಪ. ಶರಣಬಸಮ್ಮನವರು ಸಂಜೆ ಐದಕ್ಕೆ ಗುರುತಿನ ಚೀಟಿ ಒಪ್ಪಿಸಿ ಹೊರಬಂದರು.

ಮರುದಿನ ಬೆಳಿಗ್ಗೆ ಅವರು ಯಾವ ಸಂಸ್ಥೆಯ ನೌಕರರೂ ಆಗಿರಲಿಲ್ಲ. ಸ್ನಾನ ಮುಗಿಸಿ, ಮನೆಯ ಕಂಪ್ಯೂಟರಿನ ಮುಂದೆ ಕೂತು, ಇಡೀ ಪಟ್ಟಿಯನ್ನು ಸಂಶಯದ ಕಾಲಂ ಸಮೇತ ಮುಕ್ತ ಭಂಡಾರವೊಂದರಲ್ಲಿ ಪ್ರಕಟಿಸಿದರು. ಅಳೆದವರ ಹೆಸರುಗಳಲ್ಲಿ ಗುರುಬಾಯಿಯವರದು ಮೊದಲು. ಮಧ್ಯಾಹ್ನದೊಳಗೆ ಕೌಶಲ್ ಅವರ ಫೋನು ಬಂತು: "ಯಾರ ಅನುಮತಿ ತಗೊಂಡ್ರಿ ನೀವು?"

"ನಿಮ್ಮ ಜಾಲತಾಣದ ತಳದಾಗ ಬರದೈತಿ, ಓದ್ರಿ. ಯಾರ ಬೇಕಾದ್ರೂ ಅಂದ್ರ ಅದರಾಗ ನಾನೂ ಬಂದ್ನಿ."

ಯಾವ ಪಟ್ಟಿ ಸರಿ ಎಂದು ಕೇಳಿ ಸಂಸ್ಥೆಗೆ ಪತ್ರಗಳು ಬರತೊಡಗಿದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಒಂದೂವರೆ ತಿಂಗಳ ನಂತರ ಸಂಸ್ಥೆಯೂ ಅದೇ ಪಟ್ಟಿಯನ್ನು ತನ್ನ ತಾಣಕ್ಕೆ ಏರಿಸಿತು, "ನಿರ್ದೇಶಕರ ಮಾರ್ಗದರ್ಶನದಲ್ಲಿ ಪರಿಷ್ಕೃತ" ಎಂಬ ಶಿರೋನಾಮೆಯೊಡನೆ. ಮೆಮೊ ಮಾತ್ರ ಕಡತದಲ್ಲೇ ಇದೆ.

ಈ ಸಂಪುಟಕ್ಕೆ ಒಪ್ಪಿಗೆ ಕೇಳಲು ಬಳಗದವರು ಮನೆಗೆ ಹೋದಾಗ ಅವರು ಚಹಾ ಕೊಟ್ಟು ಹೇಳಿದ್ದಿಷ್ಟು: "ಪುಸ್ತಕ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗುರುಬಾಯಕ್ಕ ಕುರುಡಿ ಆಗಿದ್ಲು ಅಂತ ಸರ್ಕಾರಿ ಕಾಗದದಾಗ ಇನ್ನೂ ಐತಿ. ಆಕಿ ಬಂದು ಉತ್ತರ ಕೊಡಾಕ ಆಗೂದಿಲ್ಲ. ನಾ ಬದುಕೀನಿ."

ಆಗಸ್ಟಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಶರಣಬಸಮ್ಮನವರು ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿ ಸಂಸ್ಥೆಯ ಟಪಾಲು ವಿಭಾಗಕ್ಕೆ ಹೋಗುತ್ತಾರೆ. ಮೆಮೊ ಹಿಂಪಡೆಯಿರಿ ಎಂಬ ಒಂದೇ ಸಾಲಿನ ಪತ್ರ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬರುತ್ತಾರೆ. ಇದುವರೆಗೆ ನಾಲ್ಕು ಮೊಹರು ಬಿದ್ದಿವೆ, ಉತ್ತರ ಒಂದಕ್ಕೂ ಬಂದಿಲ್ಲ. ದೀರ್ಘಾಯುಸ್ಸು ಕೋರಿ, ಕಾರ್ಯ ಮುಂದುವರಿಯಲೆಂದು ಹಾರೈಸಿ ಇಂಥ ಲೇಖನಗಳನ್ನು ಮುಗಿಸುವುದು ರೂಢಿ. ಶರಣಬಸಮ್ಮನವರು ನೂರು ವರ್ಷ ಬಾಳಲಿ. ಮೊಣಕಾಲು ಗಟ್ಟಿಯಾಗಿರಲಿ, ಬಸ್ಸು ಹೊತ್ತಿಗೆ ಸರಿಯಾಗಿ ಬರಲಿ. ಐದನೆಯ ಪತ್ರ ಬರೆದು ಮುಗಿಸಿದ್ದಾರೆ.